ಸಹಿ ಹಾಕದ ಕರಾರಿಗೆ ನಾನು ಬದ್ಧನೇ?

ಮುಳುಗಡೆಯ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಕಡೆಯವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ನನ್ನ ಅಜ್ಜನ ಊರು ಮುಳುಗಿತು. ಅಜ್ಜ ಗೇಣಿದಾರರಾಗಿದ್ದುದರಿಂದ ಗದ್ದೆಯ ಪರಿಹಾರ ಒಡೆಯರ ಮನೆಗೆ ಹೋಯಿತೆಂದೂ, ನಮ್ಮವರನ್ನು ಗಂಟುಮೂಟೆ, ದನಕರುಗಳ ಸಮೇತ ಲಾರಿಯಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದರೆಂದೂ ಅಜ್ಜಿ ಇಂದಿಗೂ ಹೇಳುತ್ತಾರೆ. ಇಳಿಸಿದ ಜಾಗದಲ್ಲೇ ನಾವು ಈಗ ಮೂರನೆಯ ತಲೆಮಾರಿನವರು ಇದ್ದೇವೆ. ಕಳೆದ ತಿಂಗಳು ಒಂದು ಕಚೇರಿಯಿಂದ ನೋಟಿಸು ಬಂತು. ಅದರ ಪ್ರಕಾರ ನಾವು ಅರಣ್ಯ ಒತ್ತುವರಿದಾರರು.

ನೋಟಿಸಿಗಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಚಿಕ್ಕಪ್ಪನ ಮಾತು. "ಸರ್ಕಾರದ ರಸ್ತೆಯಲ್ಲಿ ಓಡಾಡುತ್ತೀಯ, ಪಡಿತರದ ಅಕ್ಕಿ ಉಣ್ಣುತ್ತೀಯ, ಕಾನೂನು ಮನೆ ಬಾಗಿಲಿಗೆ ಬಂದಾಗ ಮಾತ್ರ ನನ್ನನ್ನು ಕೇಳಿ ಮಾಡಿದರೇ ಎನ್ನುತ್ತೀಯ" ಎಂದು ಅವರು ಗದರಿಸಿದರು. ಆಮೇಲೆ ಓದಿದಾಗ ತಿಳಿದದ್ದೇನೆಂದರೆ, 1689ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಒಂದು ರಾಜ್ಯದ ಹೆದ್ದಾರಿಯಲ್ಲಿ ಸುಮ್ಮನೆ ಪ್ರಯಾಣ ಮಾಡಿದರೂ ಅಲ್ಲಿನ ಕಾನೂನಿಗೆ ಮೌನ ಸಮ್ಮತಿ ಕೊಟ್ಟಂತೆ. ಹಾಗಾದರೆ, ಜನರೇ ಒಪ್ಪಿ ಆಳುವವರಿಗೆ ಅಧಿಕಾರ ಕೊಟ್ಟರೆಂಬ ಈ ಸಾಮಾಜಿಕ ಕರಾರಿಗೆ ನಾನು ಯಾವಾಗ ಒಪ್ಪಿದೆ? ಒಪ್ಪಿಲ್ಲವೆಂದಾದರೆ, ಆ ಕಾನೂನು ನನ್ನ ಮಟ್ಟಿಗೆ ಅನ್ಯಾಯದ ಕಾನೂನೆಂದು ಹೇಳುವ ಹಕ್ಕು ನನಗಿದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಮಳೆಮಾಪಕ

ಅಕ್ಕಿ ಉಂಡವರೆಲ್ಲ ಕರಾರಿಗೆ ಒಪ್ಪಿದಂತಾದರೆ, ಮದುವೆ ಮನೆಯಲ್ಲಿ ಉಂಡವರೆಲ್ಲ ಮದುಮಗನ ಸಾಲಕ್ಕೆ ಜಾಮೀನು ನಿಂತಂತಾಗುತ್ತದೆ.

ಹೊಸನಗರದ ಮೇಷ್ಟ್ರು

ನಿಮ್ಮ ಚಿಕ್ಕಪ್ಪನವರಿಗೆ 1748ರಲ್ಲೇ ಉತ್ತರ ಸಿಕ್ಕಿದೆ. ಡೇವಿಡ್ ಹ್ಯೂಮ್ 'ಮೂಲ ಕರಾರು' ಎಂಬ ವಿಷಯದ ಮೇಲೆ ಬರೆದ ಪ್ರಬಂಧದಲ್ಲಿ, ನಿದ್ರೆಯಲ್ಲಿದ್ದಾಗ ಹಡಗಿಗೆ ಹೊತ್ತು ತಂದು ಹಾಕಲಾದ ಮನುಷ್ಯನ ಉದಾಹರಣೆ ಬರುತ್ತದೆ. ಎಚ್ಚರವಾದಾಗ ಅವನು ನಡುಗಡಲಿನಲ್ಲಿದ್ದಾನೆ. ಸಮುದ್ರಕ್ಕೆ ಹಾರಿ ಸಾಯದೆ ಹಡಗಿನಲ್ಲೇ ಉಳಿದನೆಂಬ ಕಾರಣಕ್ಕೆ ಅವನು ಕಪ್ತಾನನ ಅಧಿಕಾರವನ್ನು ಮನಸಾರೆ ಒಪ್ಪಿದನೆಂದು ಹೇಳಲಾದೀತೇ ಎಂಬುದು ಹ್ಯೂಮನ ಪ್ರಶ್ನೆ. ಬಿಟ್ಟುಹೋಗುವ ದಾರಿ ನಿಜವಾಗಿಯೂ ಇದ್ದಾಗ ಮಾತ್ರ ಉಳಿದುಕೊಂಡದ್ದಕ್ಕೆ ಸಮ್ಮತಿಯ ಅರ್ಥ ಬರುತ್ತದೆ.

ಇನ್ನೊಂದು ಮಾತು. ಕರಾರಿನ ವಾದವೆಂದರೆ ಒಂದೇ ವಾದವಲ್ಲ. ಇಂಗ್ಲೆಂಡಿನ ಅಂತರ್ಯುದ್ಧವನ್ನು ಕಂಡು 1651ರಲ್ಲಿ 'ಲೆವಯಥನ್' ಬರೆದ ಥಾಮಸ್ ಹಾಬ್ಸ್‌ಗೆ ಬೇಕಾಗಿದ್ದುದು ಜೀವಭಯವಿಲ್ಲದ ಬದುಕು. ಅದಕ್ಕಾಗಿ ಜನರು ಬಹುತೇಕ ಎಲ್ಲವನ್ನೂ ಸಾರ್ವಭೌಮನಿಗೆ ಒಪ್ಪಿಸುತ್ತಾರೆ. ಲಾಕ್‌ನ ಜನರು ಒಪ್ಪಿಸುವುದು ಸ್ವಲ್ಪವನ್ನು ಮಾತ್ರ, ಅದನ್ನೂ ಹಿಂದಕ್ಕೆ ಪಡೆಯುವ ಹಕ್ಕನ್ನು ಇಟ್ಟುಕೊಂಡೇ. 1762ರಲ್ಲಿ 'ಸಾಮಾಜಿಕ ಕರಾರು' ಎಂಬ ಪುಸ್ತಕ ಬರೆದ ರೂಸೋ ಇವರಿಬ್ಬರಿಗಿಂತ ಹಟಮಾರಿ: ಕಾನೂನಿಗೆ ಒಳಪಡುವವರೇ ಆ ಕಾನೂನನ್ನು ಮಾಡಬೇಕು, ಇಂಗ್ಲಿಷರು ತಾವು ಸ್ವತಂತ್ರರೆಂದು ಭಾವಿಸಿದ್ದಾರೆ, ಆದರೆ ಪಾರ್ಲಿಮೆಂಟಿನ ಸದಸ್ಯರನ್ನು ಆರಿಸುವ ಹೊತ್ತಿನಲ್ಲಿ ಮಾತ್ರ ಅವರು ಸ್ವತಂತ್ರರು ಎಂದು ಅವನು ಚುಚ್ಚುತ್ತಾನೆ.

ಅಡಕೆ ಅಂಗಳ

ಮೇಷ್ಟ್ರೇ, ಹಡಗಿನ ಕಥೆ ಚೆನ್ನಾಗಿದೆ. ಆದರೆ ಹಡಗಿನಲ್ಲಿರುವ ಪ್ರತಿಯೊಬ್ಬನೂ "ನಾನು ನಿದ್ರೆಯಲ್ಲಿದ್ದೆ" ಎಂದು ಚುಕ್ಕಾಣಿಗೆ ಕೈ ಹಾಕಿದರೆ ಮುಳುಗುವುದು ಎಲ್ಲರೂ ಅಲ್ಲವೇ? ನಮ್ಮ ತೋಟಕ್ಕೆ ಬರುವ ಕಾಲುವೆಗೆ ಮೇಲಿನ ಮನೆಯವರು ಬೇಸಿಗೆಯಲ್ಲಿ ಒಡ್ಡು ಹಾಕಿದಾಗ ಠಾಣೆ, ಕೋರ್ಟು ಇದ್ದುದರಿಂದ ನಾವು ಉಳಿದೆವು. ಇಲ್ಲದಿದ್ದರೆ ಯಾರ ಮನೆಯಲ್ಲಿ ಗಂಡಾಳು ಹೆಚ್ಚೋ ಅವರದ್ದೇ ನೀರು. ಇದನ್ನು ಹಾಬ್ಸ್‌ನಿಂದ ಕಲಿಯಬೇಕಾಗಿಲ್ಲ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯಕ್ಕೆ ಹೆದರಿದ ಜನರು ಮನುವನ್ನು ರಾಜನನ್ನಾಗಿ ಮಾಡಿಕೊಂಡು, ಧಾನ್ಯದ 6ನೆಯ ಒಂದು ಭಾಗವನ್ನೂ ಸರಕಿನ 10ನೆಯ ಒಂದು ಭಾಗವನ್ನೂ ಕೊಡಲು ಒಪ್ಪಿದರೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ. ರಕ್ಷಣೆ ಬೇಕು, ಕಂದಾಯ ಬೇಡ ಎಂದರೆ ಹೇಗೆ?

ಹೊಸನಗರದ ಮೇಷ್ಟ್ರು

ಆ ಕಥೆ ಅಲ್ಲಿದೆ, ಸರಿ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಾರೆಂಬುದನ್ನೂ ನೋಡಬೇಕು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥದ ಮೊದಲ ಅಧಿಕರಣದ 13ನೆಯ ಅಧ್ಯಾಯವನ್ನು ತೆರೆಯಿರಿ. ತೀರ್ಥಕ್ಷೇತ್ರಗಳಲ್ಲಿಯೂ ಜನ ಸೇರುವ ಕಡೆಗಳಲ್ಲಿಯೂ ಗೂಢಚಾರರು ಇಬ್ಬರಾಗಿ ಜಗಳವಾಡುವಂತೆ ನಟಿಸಬೇಕು, ಒಬ್ಬನು ರಾಜನನ್ನು ದೂರಬೇಕು, ಮತ್ತೊಬ್ಬನು ಈ ಮನುವಿನ ಕಥೆಯನ್ನು ಹೇಳಿ ಅವನ ಬಾಯಿ ಮುಚ್ಚಿಸಬೇಕು ಎಂಬ ಸಲಹೆಯ ನಡುವೆ ಅದು ಬರುತ್ತದೆ. ಎಂದರೆ, ನಮ್ಮ ನೆಲದ ಪ್ರಸಿದ್ಧವಾದ ಕರಾರಿನ ಕಥೆ ಗೂಢಚಾರನ ಬಾಯಿಂದ ಹೊರಟದ್ದು.

ಬೌದ್ಧರ ಅಗ್ಗಞ್ಞ ಸುತ್ತದಲ್ಲಿ ಇದಕ್ಕಿಂತ ನೇರವಾದ ರೂಪವಿದೆ. ಭತ್ತದ ಗದ್ದೆಗಳಿಗೆ ಗಡಿ ಹಾಕಿಕೊಂಡ ಮೇಲೆ ಕಳ್ಳತನ ಶುರುವಾಗುತ್ತದೆ. ಆಗ ಜನರೆಲ್ಲ ಸೇರಿ ಒಬ್ಬನನ್ನು ಆರಿಸಿ, ತಪ್ಪು ಮಾಡಿದವರನ್ನು ದಂಡಿಸುವ ಕೆಲಸವನ್ನು ಅವನಿಗೆ ಕೊಟ್ಟು, ತಮ್ಮ ಭತ್ತದಲ್ಲಿ ಪಾಲು ಕೊಡುತ್ತಾರೆ. ಅವನ ಹೆಸರೇ ಮಹಾಸಮ್ಮತ, ಎಲ್ಲರಿಗೂ ಸಮ್ಮತನಾದವನು.

ಮಳೆಮಾಪಕ

ಈ ಚರ್ಚೆಯಲ್ಲಿ ಜಗಳವಾಡುತ್ತಿರುವ ನೀವಿಬ್ಬರೂ ಯಾವ ಇಲಾಖೆಯವರೆಂದು ಈಗ ನನಗೆ ಅನುಮಾನ ಬರುತ್ತಿದೆ.

ಸೊರಬದ ಸೊಸೆ

ಸಹಿ ಹಾಕಿಲ್ಲವೆಂಬುದೇ ನಿಮ್ಮ ಕೊರಗಾದರೆ, ಸಹಿ ಹಾಕಿದವಳ ಮಾತನ್ನೂ ಒಮ್ಮೆ ಕೇಳಿ. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಅಪ್ಪ ತೀರಿಕೊಂಡ ವರ್ಷ ನನ್ನ ತವರಿನವರು ನನ್ನನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಯಾರೂ ಗದರಿಸಲಿಲ್ಲ. ಅಣ್ಣ ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿದ, ಅತ್ತಿಗೆ ಸೀರೆ ತಂದಿಟ್ಟಿದ್ದರು. ಸಹಿ ಹಾಕದಿದ್ದರೆ ಮುಂದಿನ ಗೌರಿಹಬ್ಬಕ್ಕೆ ಬಾಗಿನ ಬರುವುದಿಲ್ಲ, ತವರಿನ ಬಾಗಿಲು ಮುಚ್ಚುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಕಾರಣಕ್ಕೇ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾಗದದಲ್ಲಿ "ಸ್ವಸಂತೋಷದಿಂದ" ಎಂದು ಬರೆದಿದೆ.

ಹಾಬ್ಸ್ ಮಹಾಶಯರು ಭಯದಿಂದ ಮಾಡಿಕೊಂಡ ಒಡಂಬಡಿಕೆಯೂ ಬದ್ಧವೇ ಎನ್ನುತ್ತಾರಂತೆ. ಅವರ ಲೆಕ್ಕದಲ್ಲಿ ನನ್ನದು ಸರಿಯಾದ ಕರಾರು, ನಿಮ್ಮದು ಕರಾರೇ ಅಲ್ಲ. ಆದರೆ ಅನ್ಯಾಯ ಎರಡು ಕಡೆಯೂ ಒಂದೇ ತೂಕದ್ದಲ್ಲವೇ? ಈ ಕರಾರಿನ ಕಥೆಗಳಲ್ಲಿ ಸಹಿ ಹಾಕುವವರೆಲ್ಲ ಗಂಡಸರೇ ಆಗಿದ್ದಾರೆಂದು 1988ರಲ್ಲಿ ಕ್ಯಾರೊಲ್ ಪೇಟ್‌ಮನ್ ಒಂದು ಇಡೀ ಪುಸ್ತಕವನ್ನೇ ಬರೆದರು. ಅದನ್ನು ಓದಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ.

ಅಡಕೆ ಅಂಗಳ

ಅಕ್ಕಾ, ತವರಿನ ವಿಷಯವೇ ಬೇರೆ, ಸರ್ಕಾರದ ವಿಷಯವೇ ಬೇರೆ. ಎರಡನ್ನೂ ಒಂದೇ ಕೊಪ್ಪೆಯಡಿ ತರಬೇಡಿ.

ಸೊರಬದ ಸೊಸೆ

ಬೇರೆ ಎಂದು ಹೇಳುವವರು ಯಾವಾಗಲೂ ಪಾಲು ಉಳಿಸಿಕೊಂಡವರೇ ಆಗಿರುತ್ತಾರೆ, ಅಣ್ಣಾ.

ಶಿಕಾರಿಪುರದವ

ಕರಾರು ಎಂಬುದು ಬರೀ ಪುಸ್ತಕದಲ್ಲಿದೆ ಎನ್ನುವವರು ಈಸೂರನ್ನು ಮರೆತಿದ್ದಾರೆ. 1942ರ ಚಳವಳಿಯಲ್ಲಿ ನಮ್ಮ ತಾಲ್ಲೂಕಿನ ಆ ಊರಿನವರು ತಮ್ಮದು ಸ್ವತಂತ್ರ ಗ್ರಾಮವೆಂದು ಘೋಷಿಸಿಕೊಂಡರು. ಅಪ್ಪಣೆಯಿಲ್ಲದೆ ಸರ್ಕಾರಿ ನೌಕರರು ಊರೊಳಗೆ ಬರಬಾರದೆಂದರು, ಹುಡುಗರನ್ನೇ ಅಮಲ್ದಾರರನ್ನಾಗಿ, ಪೊಲೀಸ್ ಅಧಿಕಾರಿಗಳನ್ನಾಗಿ ನೇಮಿಸಿಕೊಂಡರು. "ಏಸೂರ ಕೊಟ್ಟರೂ ಈಸೂರ ಕೊಡೆವು" ಎಂಬ ಘೋಷಣೆ ಇಂದಿಗೂ ನಮ್ಮ ಕಡೆ ಮಕ್ಕಳ ಬಾಯಲ್ಲಿದೆ. ಹಳೆಯ ಸರ್ಕಾರಕ್ಕೆ ಕೊಟ್ಟ ಸಮ್ಮತಿಯನ್ನು ಹಿಂದಕ್ಕೆ ಪಡೆದು ತಮ್ಮತಮ್ಮೊಳಗೆ ಹೊಸ ಕರಾರು ಮಾಡಿಕೊಳ್ಳುವುದೆಂದರೆ ಇದಕ್ಕಿಂತ ಬೇರೆ ಇನ್ನೇನು?

ಅಡಕೆ ಅಂಗಳ

ಅರ್ಧ ಹೇಳಿ ನಿಲ್ಲಿಸಬೇಡಿ. ಆ ಗಲಭೆಯಲ್ಲಿ ನಿಜವಾದ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು, 1943ರಲ್ಲಿ ಊರಿನ 5 ಮಂದಿಯನ್ನು ಗಲ್ಲಿಗೇರಿಸಲಾಯಿತು. ಇನ್ನೂ ಹಿಂದಕ್ಕೆ ಹೋಗಿ. 1830ರಲ್ಲಿ ನಮ್ಮ ನಗರ ಸೀಮೆಯ, ಎಂದರೆ ಹಳೆಯ ಬಿದನೂರಿನ ಕಡೆಯ, ರೈತರು ಕಂದಾಯದ ಹಿಂಸೆ ತಾಳಲಾರದೆ ಕೂಟ ಸೇರಿ ಮೈಸೂರಿನ ಅರಸರ ವಿರುದ್ಧ ಎದ್ದರು. ಫಲವೇನು? 1831ರಲ್ಲಿ ಬ್ರಿಟಿಷರು ಅದನ್ನೇ ನೆಪ ಮಾಡಿಕೊಂಡು ಆಡಳಿತವನ್ನು ಕಿತ್ತುಕೊಂಡು 1881ರವರೆಗೆ, ಪೂರ್ತಿ 50 ವರ್ಷ, ಕೈಯಲ್ಲಿಟ್ಟುಕೊಂಡರು. ಇಬ್ಬರ ಕರಾರು ಹರಿದಾಗ ಲಾಭ ಮೂರನೆಯವನಿಗೆ.

ಹೊಸನಗರದ ಮೇಷ್ಟ್ರು

ನಗರದ ದಂಗೆಯ ಬಗ್ಗೆ ಹೇಳಿದ್ದು ನಿಜ. ಆದರೆ ಕಾನೂನು ಮುರಿಯುವುದರಲ್ಲಿಯೂ ಬಗೆಗಳಿವೆ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮಿನ ಜೈಲಿನಿಂದ ಬರೆದ ಪತ್ರದಲ್ಲಿ, ಅನ್ಯಾಯದ ಕಾನೂನನ್ನು ಮುರಿಯುವವನು ಬಹಿರಂಗವಾಗಿ ಮುರಿಯಬೇಕು, ಶಿಕ್ಷೆಯನ್ನೂ ಒಪ್ಪಿಕೊಳ್ಳಬೇಕು ಎನ್ನುತ್ತಾರೆ. ಬಹುಸಂಖ್ಯಾತರು ತಮಗೆ ಅನ್ವಯಿಸಿಕೊಳ್ಳದೆ ಅಲ್ಪಸಂಖ್ಯಾತರ ಮೇಲೆ ಮಾತ್ರ ಹೇರುವ ಕಾನೂನು, ಮತವೇ ಇಲ್ಲದವರ ಮೇಲೆ ಹೇರಿದ ಕಾನೂನು, ಇವೆರಡನ್ನೂ ಅವರು ಅನ್ಯಾಯದ ಕಾನೂನಿನ ಗುರುತುಗಳೆಂದು ಅಲ್ಲಿ ಎಣಿಸಿದ್ದಾರೆ. ಆ ಅಳತೆಯಲ್ಲಿ ಅಣೆಕಟ್ಟೆಯನ್ನು ನೋಡಿ. ಬೆಳಕು ನಾಡಿಗೆಲ್ಲ ಹೋಯಿತು, ಮುಳುಗಿದ್ದು ಒಂದು ಕಣಿವೆ ಮಾತ್ರ.

ಕಾನುಮನೆ

ಎಲ್ಲರೂ ಮನುಷ್ಯರ ಕರಾರನ್ನೇ ಮಾತಾಡುತ್ತಿದ್ದೀರಿ. ಕಾಡಿನ ಪರವಾಗಿ ಯಾರು ಸಹಿ ಹಾಕಿದರು? ಉತ್ತವನದೇ ನೆಲ, ಬೆವರು ಬೆರೆತ ಮೇಲೆ ಅದು ಅವನದ್ದು ಎಂಬ ಲಾಕ್‌ನ ವಾದವನ್ನು ನಮ್ಮ ಬಗರ್‌ಹುಕುಂ ಭಾಷಣಗಳಲ್ಲಿ ಅವನ ಹೆಸರಿಲ್ಲದೆ ನಾನು ನೂರು ಸಲ ಕೇಳಿದ್ದೇನೆ. ಆದರೆ ಲಾಕ್ ಅದಕ್ಕೊಂದು ಷರತ್ತು ಹಾಕಿದ್ದಾನೆ: ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ನಮ್ಮ ಕಾನುಗಳಲ್ಲಿ ಈಗ ಏನು ಉಳಿದಿದೆ? ಸಿಂಗಳೀಕಗಳು ಒಂದು ಮರದಿಂದ ಇನ್ನೊಂದು ಮರಕ್ಕೆ ಹಾರಲು ಕೊಂಬೆ ಹುಡುಕುವ ಸ್ಥಿತಿ ಬಂದಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು, ಕೇಂದ್ರದ ಪೂರ್ವಾನುಮತಿಯಿಲ್ಲದೆ ಕಾಡನ್ನು ಬೇರೆ ಕೆಲಸಕ್ಕೆ ಕೊಡಬಾರದೆಂದು ಕಟ್ಟು ಮಾಡದೇ ಹೋಗಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಮೂಲ ಪ್ರಶ್ನೆ ಕೇಳಿದವರ ನೋವು ನನಗೆ ಅರ್ಥವಾಗುತ್ತದೆ. ಆದರೆ 'ಮುಳುಗಡೆ' ಎಂಬ ಪದದ ನೆರಳಿನಲ್ಲಿ ನಿಂತು ಹತ್ತಾರು ಎಕರೆ ಬೇಲಿ ಹಾಕಿಕೊಂಡವರನ್ನೂ ನಾನು ಕಂಡಿದ್ದೇನೆ.

ಮುಳುಗಡೆಯ ಮೊಮ್ಮಗ

ಅಂಥವರನ್ನು ನಾನೂ ಕಂಡಿದ್ದೇನೆ, ಅವರಿಗೆ ನೋಟಿಸು ಬಂದದ್ದನ್ನು ಮಾತ್ರ ಕಂಡಿಲ್ಲ. ನಮ್ಮದು ಎರಡು ಎಕರೆಗೂ ಕಡಿಮೆ. ಕಾಡಿನ ಪರವಾಗಿ ಯಾರು ಸಹಿ ಹಾಕಿದರೆಂದು ಕೇಳಿದಿರಿ. ಕಣಿವೆಯ ಕಾಡನ್ನು ಮುಳುಗಿಸಿದ ಕೈಯೇ ನಮ್ಮನ್ನು ತಂದು ಉಳಿದ ಕಾಡಿಗೆ ಬಿಟ್ಟದ್ದು. ಈಗ ಕಾಡಿನ ಪರವಾಗಿ ನಮ್ಮ ಮೇಲೆ ದಾವೆ ಹೂಡುತ್ತಿರುವುದೂ ಅದೇ ಕೈ.

ನಿವೃತ್ತ ಗುಮಾಸ್ತ

ಕಡತಗಳನ್ನು ಹೊತ್ತು ಸವೆದವನಾಗಿ ಒಂದು ಮಾತು ಹೇಳುತ್ತೇನೆ. ಕೆಳದಿಯ ಶಿವಪ್ಪ ನಾಯಕನು 17ನೆಯ ಶತಮಾನದಲ್ಲಿ ಭೂಮಿಯ ಗುಣ ನೋಡಿ ಕಂದಾಯ ಗೊತ್ತುಮಾಡಿದ 'ಶಿಸ್ತು' ನಮ್ಮ ಸೀಮೆಯಲ್ಲಿ ಇಂದಿಗೂ ಒಳ್ಳೆಯ ಹೆಸರು ಉಳಿಸಿಕೊಂಡಿದೆ. ಅದಕ್ಕೆ ಯಾವ ರೈತನೂ ಮತ ಹಾಕಿರಲಿಲ್ಲ. ಒಪ್ಪಿಗೆ ಇಲ್ಲದ ಒಳ್ಳೆಯ ಕಾನೂನೂ ಇರಬಹುದು, ಒಪ್ಪಿಗೆ ಇರುವ ಕೆಟ್ಟ ಕಾನೂನೂ ಇರಬಹುದು.

ಕಪ್ಪು ಕೋಟಿನಾಕೆ

ಗುಮಾಸ್ತರು ಎರಡು ವಾಕ್ಯದಲ್ಲಿ ಹೇಳಿದ್ದನ್ನು ನಾವು ವಕೀಲರು ಇಪ್ಪತ್ತು ಪುಟ ಮಾಡುತ್ತೇವೆ. ಶಿವಮೊಗ್ಗದಲ್ಲಿ ಇಂತಹ ಪ್ರಕರಣಗಳನ್ನು ನೋಡುತ್ತಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಆಳುವವರಿಗೆ ಆಳುವ ಅಧಿಕಾರ ಎಲ್ಲಿಂದ ಬಂತು ಎಂಬುದು ಒಂದು, ಅವರು ಮಾಡಿದ ಕಾನೂನು ನ್ಯಾಯವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಹಿ ಹುಡುಕುತ್ತಾ ಹೋದರೆ ಯಾವ ದೇಶದಲ್ಲಿಯೂ ಸಿಗುವುದಿಲ್ಲ. "ಭಾರತದ ಜನತೆಯಾದ ನಾವು" ಎಂದು ಆರಂಭವಾಗುವ ನಮ್ಮ ಸಂವಿಧಾನವನ್ನು 1949ರ ನವೆಂಬರ್ 26ರಂದು ಅಂಗೀಕರಿಸಿದ ಸಭೆಯೂ ವಯಸ್ಕರೆಲ್ಲರ ಮತದಿಂದ ಆಯ್ಕೆಯಾದದ್ದಲ್ಲ. ಪ್ರಾಂತಗಳ ಶಾಸನಸಭೆಗಳು ಆರಿಸಿದವರೂ ಸಂಸ್ಥಾನಗಳ ಪ್ರತಿನಿಧಿಗಳೂ ಸೇರಿ ಆದ ಸಭೆ ಅದು. ಅದರಿಂದ ಸಂವಿಧಾನ ಹುಸಿಯಾಗುವುದಿಲ್ಲ. ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ಮತವನ್ನೂ, ಕೋರ್ಟಿನ ಬಾಗಿಲನ್ನೂ, ತಿದ್ದುಪಡಿಯ ದಾರಿಯನ್ನೂ ತೆರೆದಿಟ್ಟದ್ದರಿಂದಲೇ ಅದಕ್ಕೆ ಬಲ ಬಂದದ್ದು.

ಎರಡನೆಯ ಪ್ರಶ್ನೆಗೆ ನಮ್ಮ ಸಾಗರದಲ್ಲೇ ಉತ್ತರವಿದೆ. 1951ರ ಕಾಗೋಡು ಸತ್ಯಾಗ್ರಹ ಯಾತಕ್ಕೆ ನಡೆಯಿತು? ಗೇಣಿಯೇ ಕೊಡುವುದಿಲ್ಲವೆಂದು ಅದು ಶುರುವಾದದ್ದಲ್ಲ. ಗೇಣಿಯ ಭತ್ತವನ್ನು ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಕರಾರಿನ ಪ್ರಕಾರ ಇಷ್ಟು ಕೊಳಗ ಎಂದರೆ ಇಷ್ಟು ಕೊಳಗವೇ. ಮಾತು ಎಲ್ಲಿಯೂ ತಪ್ಪಿಲ್ಲ, ಅಳತೆಯ ಪಾತ್ರೆಯೇ ಬೇರೆ. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಎದ್ದುನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 23 ವರ್ಷಗಳ ನಂತರ, 1974ರ ಮಾರ್ಚ್ 1ರಿಂದ, ಗೇಣಿಯ ಭೂಮಿ ಸರ್ಕಾರದಲ್ಲಿ ನಿಹಿತವಾಗಿ ಉಳುವವರಿಗೆ ಅರ್ಜಿ ಹಾಕಿಕೊಳ್ಳುವ ಹಕ್ಕು ಬಂತು. ಒಂದು ಕಾನೂನು ನ್ಯಾಯವೋ ಅಲ್ಲವೋ ಎಂದು ತಿಳಿಯಬೇಕಾದರೆ ಕಾಗದವನ್ನು ಓದಿದರೆ ಸಾಲದು, ಕೊಳಗ ಯಾರ ಕೈಯಲ್ಲಿದೆ ಎಂದು ನೋಡಬೇಕೆಂಬುದು ನನ್ನ ವಾದ.

ನಿಮ್ಮ ಅಜ್ಜನವರ ಗದ್ದೆ ಇನ್ನು ಹತ್ತು ವರ್ಷ ನೀರಿನ ಮೇಲಿದ್ದಿದ್ದರೆ ಅದು ಅವರದ್ದೇ ಆಗುತ್ತಿತ್ತೋ ಏನೋ. ಇನ್ನು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೋಡಿ. ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಎಂದರೆ 75 ವರ್ಷ, ಅರಣ್ಯದಲ್ಲಿ ವಾಸವಿದ್ದು ಅದನ್ನು ನೆಚ್ಚಿಕೊಂಡಿರಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗುತ್ತದೆ. 1964ರಲ್ಲಿ ಸರ್ಕಾರವೇ ಎತ್ತಿ ತಂದವರು 1930ರಿಂದ ಅಲ್ಲಿದ್ದೆವೆಂದು ಹೇಗೆ ತೋರಿಸಬೇಕು? ಒಳ್ಳೆಯ ಉದ್ದೇಶದ ಕಾನೂನೇ, ಆದರೆ ಅದರ ಕೊಳಗ ಮುಳುಗಡೆಯವರ ಅಳತೆಗೆ ಮಾಡಿದ್ದಲ್ಲ.

ಶಿಕಾರಿಪುರದವ

ಕೊಳಗದ ಮಾತು ಮನಸ್ಸಿಗೆ ನಾಟಿತು. ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಕೊಳಗವೊಂದಿದೆ. ಅದು ಯಾವ ಬಗೆಯದ್ದೆಂದು ಇಷ್ಟು ದಿನ ಯೋಚಿಸಿರಲಿಲ್ಲ. ಈಗ ಇಳಿಸಿ ಅಳೆಯಲು ಸ್ವಲ್ಪ ಅಂಜಿಕೆಯಾಗುತ್ತಿದೆ.

ಅಡಕೆ ಅಂಗಳ

ವಕೀಲರೇ, ನಿಮ್ಮ ಮಾತಿಗೆ ನನ್ನ ವಿರೋಧವಿಲ್ಲ. ನಮ್ಮ ಮನೆ ಹಿಸ್ಸೆಯಾದಾಗ ನಡೆದದ್ದನ್ನು ಹೇಳಿಬಿಡುತ್ತೇನೆ. ತೋಟದ ಮೇಲಿನ ಭಾಗಕ್ಕೆ ನೀರು ಸರಾಗ, ಕೆಳಗಿನ ಭಾಗದಲ್ಲಿ ಮಳೆಗಾಲದಲ್ಲಿ ನೀರು ನಿಂತು ಕೊಳೆರೋಗ ಹೆಚ್ಚು. ನಾವು ಮೂವರು ಅಣ್ಣತಮ್ಮಂದಿರು ವರ್ಷಗಟ್ಟಲೆ ಕಿತ್ತಾಡಿದೆವು. ಕೊನೆಗೆ ಅಪ್ಪ, "ದೊಡ್ಡವನು ಮೂರು ಪಾಲು ಮಾಡಲಿ, ಆದರೆ ಆರಿಸಿಕೊಳ್ಳುವಾಗ ಅವನದೇ ಕೊನೆಯ ಸರದಿ" ಎಂದರು. ದೊಡ್ಡವನು ನಾನೇ. ಅದುವರೆಗೆ ಮೇಲಿನ ತೋಟ ಹಿರಿಯನಿಗೆ ಸೇರಬೇಕಾದದ್ದು ಧರ್ಮವೆಂದು ವಾದಿಸುತ್ತಿದ್ದ ನಾನು, ಮೂರು ದಿನ ಸರಪಳಿ ಹಿಡಿದು, ಮೇಲಿನದನ್ನೂ ಕೆಳಗಿನದನ್ನೂ ಮೂರು ಪಾಲಿಗೂ ಹಂಚಿ, ಒಂದು ಮರದಷ್ಟೂ ಹೆಚ್ಚುಕಡಿಮೆಯಾಗದಂತೆ ಗುರುತು ಹಾಕಿದೆ.

ಹೊಸನಗರದ ಮೇಷ್ಟ್ರು

ನಿಮ್ಮ ತಂದೆಯವರ ಉಪಾಯಕ್ಕೆ ಹತ್ತಿರವಾದದ್ದನ್ನೇ ಜಾನ್ ರಾಲ್ಸ್ 1971ರಲ್ಲಿ ನೂರಾರು ಪುಟಗಳಲ್ಲಿ ಬರೆದರು. ಅವರ 'ಅಜ್ಞಾನದ ತೆರೆ'ಯ ಹಿಂದೆ ಕುಳಿತು ಕಾನೂನು ಮಾಡುವವನಿಗೆ ತಾನು ಯಾವ ಕುಲದವನು, ಗಂಡೋ ಹೆಣ್ಣೋ, ಹಿನ್ನೀರಿನ ಯಾವ ದಡದವನು ಎಂಬುದೇ ಗೊತ್ತಿರುವುದಿಲ್ಲ. ತೆರೆ ಸರಿದಾಗ ಅತ್ಯಂತ ಕೆಳಗಿನ ಪಾಲು ತನಗೇ ಬರಬಹುದೆಂಬ ಅಂಜಿಕೆಯಿಂದ ಅವನು ಆ ಪಾಲನ್ನೂ ಬದುಕಲು ಯೋಗ್ಯವಾಗಿ ಇಡುತ್ತಾನೆ.

ಸೊರಬದ ಸೊಸೆ

ಮೂವರು ಅಣ್ಣತಮ್ಮಂದಿರು, ಮೂರು ಪಾಲು. ಅಕ್ಕತಂಗಿಯರು ಎಷ್ಟು ಮಂದಿ, ಅಂಗಳದವರೇ?

ಅಡಕೆ ಅಂಗಳ

ಇಬ್ಬರು. ಅಕ್ಕಾ, ಆ ಪ್ರಶ್ನೆಗೆ ಇಲ್ಲಿ ಉತ್ತರ ಕೊಡಲು ನನ್ನಿಂದಾಗದು.

ಮಳೆಮಾಪಕ

ತೆರೆ ಸರಿಯಿತು.

ಕಾನುಮನೆ

ರಾಲ್ಸ್ ಅವರ ತೆರೆಯ ಹಿಂದೆ ಸಿಂಗಳೀಕಕ್ಕೆ ಜಾಗವಿಲ್ಲ, ಆದರೆ ಇನ್ನೂ ಹುಟ್ಟದವರಿಗೆ ಜಾಗವಿದೆ. ಯಾವ ತಲೆಮಾರಿನವನೆಂದೂ ಅಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಅಷ್ಟಾದರೂ ನನ್ನ ವಾದಕ್ಕೆ ಸಾಕು. ಎರಡು ಎಕರೆಯವರನ್ನೂ ಇಪ್ಪತ್ತು ಎಕರೆಯವರನ್ನೂ ಒಂದೇ ನೋಟಿಸಿನ ನಮೂನೆಯಲ್ಲಿ ತುಂಬಿಸುವುದು ಕಾಡಿಗೂ ಒಳ್ಳೆಯದಲ್ಲ ಎಂದು ಒಪ್ಪುತ್ತೇನೆ. ಹಾಗೆ ತುಂಬಿಸಿದಾಗ ಸಣ್ಣವರ ಕಣ್ಣೀರನ್ನು ಮುಂದಿಟ್ಟುಕೊಂಡು ದೊಡ್ಡವರು ಪಾರಾಗುತ್ತಾರೆ.

ಮುಳುಗಡೆಯ ಮೊಮ್ಮಗ

ಎಲ್ಲರಿಗೂ ಧನ್ಯವಾದ. ಚಿಕ್ಕಪ್ಪನಿಗೆ ಹಡಗಿನ ಕಥೆ ಹೇಳಿದೆ. "2025ರಲ್ಲಿ ಸಿಗಂದೂರಿಗೆ ಸೇತುವೆಯೇ ಆಯಿತು, ಲಾಂಚಿಗೆ ಕಾಯುವ ಕಾಲ ಹೋಯಿತು, ಇನ್ನು ಬಿಟ್ಟುಹೋಗಲು ನಿನಗೇನು ಅಡ್ಡಿ" ಎಂದರು. ಅವರೊಂದಿಗೆ ವಾದಿಸುವುದನ್ನು ಬಿಟ್ಟಿದ್ದೇನೆ. ಸಹಿಯ ಪ್ರಶ್ನೆಯನ್ನೂ ಬಿಟ್ಟಿದ್ದೇನೆ, ಅಕ್ಕನವರ ಮಾತು ಓದಿದ ಮೇಲೆ ಅದು ಹಗುರವಾಗಿ ಕಾಣುತ್ತದೆ. ವಕೀಲರಲ್ಲಿ ಒಂದೇ ಪ್ರಶ್ನೆ: ಈ 1930ರ ಗೋಡೆಯನ್ನು ದಾಟಲು ದಾರಿಯೇ ಇಲ್ಲವೇ?

ಕಪ್ಪು ಕೋಟಿನಾಕೆ

ವಾದಕ್ಕೆ ಅವಕಾಶವಿದೆ. 75 ವರ್ಷವೆಂಬುದು ಅದೇ ತುಂಡು ನೆಲವನ್ನು ಉತ್ತ ಲೆಕ್ಕವಲ್ಲ, ಅರಣ್ಯವನ್ನು ನೆಚ್ಚಿ ಬಾಳಿದ ಲೆಕ್ಕ ಎಂದು ನಾವು ಹೇಳುತ್ತೇವೆ. ಮುಳುಗಿದ ಊರೂ ಅದೇ ಕಣಿವೆಯ ಕಾಡಿನ ನಡುವೆಯೇ ಇತ್ತಲ್ಲವೇ? ಅರ್ಜಿ ಮೊದಲು ಹೋಗುವುದು ಕಚೇರಿಗಲ್ಲ, ಗ್ರಾಮಸಭೆಗೆ. ಅದು ತೀರ್ಮಾನವಾಗುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಎಂದು ಕಾಯ್ದೆಯ 4ನೆಯ ಕಲಮಿನಲ್ಲಿದೆ, ನೋಟಿಸಿನ ಉತ್ತರದಲ್ಲಿ ಅದನ್ನು ತಪ್ಪದೆ ಬರೆಯಿರಿ. ಕಾಗದಗಳಿಲ್ಲವೆಂದು ಅಂಜಬೇಡಿ, ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಆದರೆ ಆ ಹಿರಿಯರು ಅರ್ಜಿದಾರರಾಗಿರಬಾರದು, ಆದ್ದರಿಂದ ನಿಮ್ಮ ಅಜ್ಜಿಯ ಮಾತು ನಿಮ್ಮ ಅರ್ಜಿಗೆ ಒದಗುವುದು ಕಷ್ಟ. ನಿಮ್ಮಂತೆಯೇ ಬಂದ ಬೇರೆ ಮನೆಯ ಹಿರಿಯರು ಯಾರಾದರೂ ಇದ್ದಾರೆಯೇ?

ಮುಳುಗಡೆಯ ಮೊಮ್ಮಗ

ಇದ್ದಾರೆ. ಅದೇ ಲಾರಿಯಲ್ಲಿ ಬಂದ ಪಕ್ಕದ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ, ನೆನಪು ಚೆನ್ನಾಗಿದೆ. ಬೇಲಿಯ ವಿಷಯದಲ್ಲಿ ಜಗಳವಾಗಿ ಎರಡೂ ಮನೆಯವರು ಆರು ವರ್ಷದಿಂದ ಮಾತು ಬಿಟ್ಟಿದ್ದೇವೆ. ಅವರ ಮನೆಗೂ ಇದೇ ನೋಟಿಸು ಬಂದಿದೆಯಂತೆ.

ಕಪ್ಪು ಕೋಟಿನಾಕೆ

ಹಾಗಾದರೆ ಅವರ ಅರ್ಜಿಗೆ ನಿಮ್ಮ ಅಜ್ಜಿ, ನಿಮ್ಮ ಅರ್ಜಿಗೆ ಆ ಅಜ್ಜ. ಗ್ರಾಮಸಭೆಗೆ ಮುಂಚೆ ಹೋಗಿ ಮಾತಾಡಿ.

ಮುಳುಗಡೆಯ ಮೊಮ್ಮಗ

ಅಜ್ಜಿಗೆ ಹೇಳಿದೆ. ಬೇಲಿಯನ್ನು ಮೊದಲಿನ ಜಾಗಕ್ಕೆ ಹಾಕಿಕೊಟ್ಟರೆ ಮಾತ್ರ ಆ ಮನೆಯ ಮೆಟ್ಟಿಲು ಹತ್ತುತ್ತೇನೆ ಎನ್ನುತ್ತಿದ್ದಾರೆ. ನಾಳೆ ನಾನೊಬ್ಬನೇ ಹೋಗಿ ಕೇಳಿ ಬರುತ್ತೇನೆ.